ಕೌಬಾಯ್ ಬೀಬಾಪ್ ಥರದ ಟೈಟಲ್ ಯಾಕೆ ಮಂಕಾಗಿ ಕಾಣುತ್ತೆ

ಜಪಾನಿನ ಅನಿಮೆ ಸರಣಿ ಕೌಬಾಯ್ ಬೀಬಾಪ್ (1998) ಓಪನಿಂಗ್ ನೋಡಿ ನೀವು ಮಾಡಿದ ಟೈಟಲ್ ವಿಡಿಯೊ ಮಂಕಾಗಿ, ಗಿಜಿಗಿಜಿಯಾಗಿ ಕಾಣುತ್ತಿದೆ ಅಂದಿರಲ್ಲ, ಕಾರಣ ಬಹುಶಃ ನೀವು ಹಾಕಿರುವ ನೆರಳು ಮತ್ತು ಗ್ರೇಡಿಯೆಂಟ್ (ಒಂದು ಬಣ್ಣ ನಿಧಾನವಾಗಿ ಇನ್ನೊಂದಕ್ಕೆ ತಿರುಗುವುದು). ಆ ಓಪನಿಂಗ್‌ನ ಶಕ್ತಿಯೇ ಚಪ್ಪಟೆ ಬಣ್ಣ ಮತ್ತು ಕಪ್ಪು ಆಕೃತಿಗಳು. ಮೊದಲು ನೆರಳು, ಗ್ರೇಡಿಯೆಂಟ್, ಗ್ಲೋ (ಅಂಚಿನ ಹೊಳಪು) ಎಲ್ಲಾ ತೆಗೆಯಿರಿ. ಒಂದು ಶಾಟ್‌ಗೆ ಒಂದು ಹಿನ್ನೆಲೆ ಬಣ್ಣ, ಅದರ ಮೇಲೆ ಕಪ್ಪು, ಬೇಕಾದರೆ ಇನ್ನೊಂದು ಬಣ್ಣ, ಅಷ್ಟು ಸಾಕು. ಆಮೇಲೆ ಪಾತ್ರಗಳಿಗೆ ಪೂರ್ತಿ ಕಪ್ಪು ತುಂಬಿ ನೋಡಿ. ಯಾರು ಅಂತ ಗೊತ್ತಾಗದಿದ್ದರೆ ಭಂಗಿ ಬದಲಿಸಿ, ಕೈ ಮೈಗೆ ಅಂಟಿಕೊಂಡಿದ್ದರೆ ಆಕೃತಿ ಬರೀ ಮುದ್ದೆಯಾಗುತ್ತದೆ.

ನಂತರ ಕಟ್‌ಗಳು, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವ ಜಾಗಗಳು. ಹಾಡು ನಿಮಿಷಕ್ಕೆ 120 ಬೀಟ್ ಇದ್ದು, ನೀವು ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಬೀಟ್‌ಗೆ 12 ಫ್ರೇಮ್ ಬರುತ್ತದೆ, ಬೀಟ್ ಬೀಳುವ ಕಡೆ ಮಾರ್ಕರ್ (ಗುರುತು) ಹಾಕಿಕೊಂಡು ಕಟ್ ಮಾಡಿ. ಪ್ರತಿ ಬೀಟ್‌ಗೂ ಕಟ್ ಬೇಡ, ಕಣ್ಣಿಗೆ ಜಾಸ್ತಿ ಆಗುತ್ತೆ. ಕಟ್ ತಡವಾಯ್ತು ಅನ್ನಿಸಿದ ಕಡೆ ಅದನ್ನು ಒಂದೆರಡು ಫ್ರೇಮ್ ಮುಂಚೆ ಇಟ್ಟು ನೋಡಿ. ಎಷ್ಟು ಅನ್ನೋದು ನಿಮ್ಮ ಹಾಡಿನ ಮೇಲೆ ನಿಂತಿರುತ್ತೆ, ಕೇಳದೆ ಹೇಳೋಕಾಗಲ್ಲ.

ಕನ್ನಡ ಹೆಸರಿನ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತಿರುವುದು ಬೇರೆ ಸಮಸ್ಯೆ. ಮಾಸ್ಕ್ (ಅಕ್ಷರ ಎಲ್ಲಿಯವರೆಗೆ ಕಾಣಬೇಕು ಅನ್ನೋ ಚೌಕಟ್ಟು) ಇಂಗ್ಲಿಷ್ ಅಕ್ಷರದ ಅಳತೆಗೆ ಇದ್ದ ಹಾಗಿದೆ. ಅದನ್ನು ಕೆಳಕ್ಕೆ ಎಳೆದು, ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿ.