ಖಾಸಗಿ ಎಂಬಿಬಿಎಸ್ ಸೀಟು, 40 ಲಕ್ಷದ ಸಾಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ಹುದ್ದೆ ಮತ್ತು ಕೆಲವು ಮೊತ್ತಗಳನ್ನು ಬದಲಿಸಲಾಗಿದೆ.)

ನಮ್ಮ ಸಲಹೆ ಕೇಳಲು ಬಂದವರು ಮೂವರು: ತಂದೆ, ತಾಯಿ, ಹಿರಿಯ ಮಗಳು. ತಂದೆ 53 ವರ್ಷದ ರಾಜ್ಯ ಸರ್ಕಾರಿ ನೌಕರ. ಕಡಿತವೆಲ್ಲ ಹೋಗಿ ಕೈಗೆ ಬರುವುದು ತಿಂಗಳಿಗೆ 68,000 ರೂಪಾಯಿ. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಕಿರಿಯ ಮಗಳು ಹತ್ತನೇ ತರಗತಿ. ತಾಲ್ಲೂಕು ಕೇಂದ್ರದಲ್ಲಿ ಸ್ವಂತ ಮನೆ, ಊರಾಚೆ ಒಂದು ಸೈಟು, ಬ್ಯಾಂಕಿನಲ್ಲಿ 12 ಲಕ್ಷದ ಎಫ್‌ಡಿ, ಅಣ್ಣತಮ್ಮಂದಿರ ನಡುವೆ ಇನ್ನೂ ಭಾಗವಾಗದ ಒಂದೂವರೆ ಎಕರೆ ಜಮೀನು. ಹುಡುಗಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಖಾಸಗಿ ಕಾಲೇಜಿನ ಖಾಸಗಿ ಕೋಟಾ ಸೀಟು ಸಿಕ್ಕಿತ್ತು. ಶುಲ್ಕ ವರ್ಷಕ್ಕೆ 12 ಲಕ್ಷ. ಕಟ್ಟಲು ಉಳಿದದ್ದು ಐದೇ ದಿನ.

ತಂದೆ ಮೊದಲೇ ಒಂದು ಯೋಜನೆ ಹಾಕಿಕೊಂಡು ಬಂದಿದ್ದರು. ಮನೆ ಅಡವಿಟ್ಟು ಬ್ಯಾಂಕಿನಿಂದ 40 ಲಕ್ಷ, ಉಳಿದದ್ದಕ್ಕೆ ಒಡವೆ ಮತ್ತು ಪರಿಚಯದವರಿಂದ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲ. ಸೈಟು, ಎಫ್‌ಡಿ ಎರಡನ್ನೂ ಮಕ್ಕಳ ಮದುವೆಗೆಂದು ಮುಟ್ಟದೆ ಉಳಿಸುವುದು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಯಾವ ಬ್ಯಾಂಕಲ್ಲಿ ಬಡ್ಡಿ ಕಡಿಮೆ?" ಹುಡುಗಿ ಮಾತಾಡಲಿಲ್ಲ. ತಾಯಿ ನಡುವೆ ಒಮ್ಮೆ, "ಚಿಕ್ಕವಳದ್ದೂ ಮುಂದೆ ಬರುತ್ತಲ್ಲ" ಎಂದರು. ನಮ್ಮ ಲೆಕ್ಕದಲ್ಲಿ ಆ ಕೋಣೆಯಲ್ಲಿ ಆಡಿದ ಮಾತುಗಳಲ್ಲಿ ಅದೇ ತೂಕದ್ದು.

ಬಡ್ಡಿ ಅರ್ಧ ಪರ್ಸೆಂಟು ಹೆಚ್ಚುಕಡಿಮೆಯಾದರೆ ಮನೆ ಮುಳುಗುವುದಿಲ್ಲ. ಮುಳುಗಿಸುವುದು ಕಂತು ಶುರುವಾಗುವ ತಾರೀಖು. ಅದಕ್ಕೇ ಬ್ಯಾಂಕುಗಳ ಪಟ್ಟಿಯನ್ನು ಬದಿಗಿಟ್ಟು ಮೊದಲು ಒಂದು ಕ್ಯಾಲೆಂಡರ್ ಬರೆದೆವು.

ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಶಿಕ್ಷಣ ಸಾಲದಲ್ಲಿ ಕೋರ್ಸ್ ಮುಗಿದ ಮೇಲೆ ಸಾಮಾನ್ಯವಾಗಿ ಇನ್ನೊಂದು ವರ್ಷ ಕಂತಿನ ವಿನಾಯಿತಿ ಇರುತ್ತದೆ, ಅದೇ ಮೊರಟೋರಿಯಂ. ಒಟ್ಟು ಆರೂವರೆ ವರ್ಷ. ಆ ಹೊತ್ತಿಗೆ ತಂದೆಗೆ ಐವತ್ತೊಂಬತ್ತೂವರೆ, ನಿವೃತ್ತಿಗೆ ಆರು ತಿಂಗಳು. ಮಗಳು ಒಂದೋ ನೀಟ್ ಪಿಜಿಗೆ (ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆ) ಓದುತ್ತಿರುತ್ತಾಳೆ, ಇಲ್ಲವೇ ಸ್ಟೈಪೆಂಡಿನ ಮೇಲೆ ಪಿಜಿ ಮಾಡುತ್ತಿರುತ್ತಾಳೆ. ಸಹಸಾಲಗಾರನಾದ ತಂದೆಯ ಸಂಬಳ ನಿಲ್ಲುವುದು, ಸಾಲಗಾರಳಾದ ಮಗಳ ಸಂಪಾದನೆ ಇನ್ನೂ ಕೂಡಿಬರದಿರುವುದು, ಮೊದಲ ಇಎಂಐ (ತಿಂಗಳ ಕಂತು) ಬೀಳುವುದು, ಮೂರೂ ಒಂದೇ ವರ್ಷಕ್ಕೆ ಬಂದು ನಿಂತವು. ಡಾಕ್ಟರಾದ ಮೇಲೆ ತೀರಿಸಿಬಿಡುತ್ತಾಳೆ ಎನ್ನುವಾಗ ಎಲ್ಲರ ಮನಸ್ಸಿನಲ್ಲಿರುವುದು ಪಿಜಿ ಮುಗಿಸಿದ ಡಾಕ್ಟರು. ಬ್ಯಾಂಕು ಅಷ್ಟು ದಿನ ಕಾಯುವುದಿಲ್ಲ.

ಆಮೇಲೆ ಮೊತ್ತ. ಮೊರಟೋರಿಯಂನಲ್ಲಿ ಸರಳ ಬಡ್ಡಿ ಮಾತ್ರ ಎಂದು ಬ್ಯಾಂಕಿನವರು ಹೇಳುವುದು ನಿಜ. ಆದರೆ ಕಟ್ಟದೆ ಬಿಟ್ಟ ಆ ಬಡ್ಡಿಯೆಲ್ಲ ಕಂತು ಶುರುವಾಗುವ ದಿನ ಅಸಲಿಗೆ ಸೇರುತ್ತದೆ. 40 ಲಕ್ಷವನ್ನು ವರ್ಷಕ್ಕೆ 9 ಲಕ್ಷದಂತೆ ನಾಲ್ಕು ಬಾರಿ, ಕೊನೆಯ ಅರ್ಧ ವರ್ಷಕ್ಕೆ 4 ಲಕ್ಷ ಎಂದು ಬಿಡುಗಡೆ ಮಾಡಿಸಿಕೊಂಡರೆ, ಶೇ 10ರ ದರದಲ್ಲಿ ಆರೂವರೆ ವರ್ಷಕ್ಕೆ ಬಡ್ಡಿಯೇ 19 ಲಕ್ಷ. ಅಂದರೆ ಕಂತು ಶುರುವಾಗುವುದು 59 ಲಕ್ಷದ ಮೇಲೆ. 15 ವರ್ಷದ ಅವಧಿಗೆ ಇಎಂಐ ಸುಮಾರು 63,400. ಹೊಸದಾಗಿ ಎಂಬಿಬಿಎಸ್ ಮುಗಿಸಿದವರಿಗೆ ತಿಂಗಳಿಗೆ 50–60 ಸಾವಿರ ಎಂದು ಲೆಕ್ಕ ಹಿಡಿದಿದ್ದೆವು. ತಂದೆ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು ಎರಡು ಸಲ ಕೂಡಿದರು.

ಕೈಸಾಲದ್ದು ಇನ್ನೂ ಕೆಟ್ಟದ್ದು. ನೂರಕ್ಕೆ ಎರಡು ರೂಪಾಯಿ ಎಂದರೆ ವರ್ಷಕ್ಕೆ ಶೇ 24. ಹತ್ತು ಲಕ್ಷಕ್ಕೆ ತಿಂಗಳ ಬಡ್ಡಿಯೇ 20,000, ಅಸಲಿನಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ. ಅದೇ 20,000ದ ಕಂತಿನಲ್ಲಿ ಬ್ಯಾಂಕಿನ ಹದಿನೆಂಟೂವರೆ ಲಕ್ಷದ ಸಾಲ 15 ವರ್ಷದಲ್ಲಿ ಪೂರ್ತಿ ತೀರುತ್ತದೆ. ಕೈಸಾಲವನ್ನು ಯೋಜನೆಯಿಂದ ತೆಗೆದುಹಾಕಿ ಎಂದೆವು. ಇದರಲ್ಲಿ ಚೌಕಾಸಿ ಬೇಡ ಎಂದೂ ಹೇಳಿದೆವು.

ಹಾಗಾದರೆ ಎಷ್ಟು ಸಾಲ ಮಾಡಬಹುದು? ಲೆಕ್ಕವನ್ನು ಹಿಂದಿನಿಂದ ಮಾಡಬೇಕು. ಹೊಸ ಡಾಕ್ಟರಿನ ಸಂಬಳದ ಮೂರನೇ ಒಂದು ಭಾಗ, ಅಂದರೆ 18–20 ಸಾವಿರ ಕಂತಿಗೆ ಹೋಗಬಹುದು. ಅದಕ್ಕೆ ಸಿಗುವುದು ಮೇಲೆ ಹೇಳಿದ ಹದಿನೆಂಟೂವರೆ ಲಕ್ಷ. ತಂದೆಯ ಗ್ರಾಚ್ಯುಟಿಯಿಂದ ಒಂದು ಪಾಲು ಸೇರುತ್ತದೆ ಎಂದಾದರೆ 22 ಲಕ್ಷದವರೆಗೆ ಎಳೆಯಬಹುದು. ಅದರ ಮೇಲೆ ಬೇಡ. ಹೊಂದಿಸಲಾಗದಿದ್ದರೆ ಈ ಸೀಟು ಈ ಮನೆಗಲ್ಲ, ಇನ್ನೊಂದು ವರ್ಷ ನೀಟ್ ಬರೆಯುವುದು ಅಥವಾ ಬೇರೆ ಕೋರ್ಸು ನೋಡುವುದು ಒಳ್ಳೆಯದು ಎಂದು ನೇರವಾಗಿಯೇ ಹೇಳಿದೆವು. ಹುಡುಗಿ ಮೊದಲ ಸಲ ಮಾತಾಡಿದ್ದು ಆಗ: "ಅಪ್ಪ, ಮದುವೆ ದುಡ್ಡು ಯಾಕೆ ಇಡ್ತೀರಾ, ನನಗೆ ಬೇಡ." ತಂದೆ ಉತ್ತರ ಕೊಡಲಿಲ್ಲ. ಆದರೆ ಸೈಟು, ಎಫ್‌ಡಿ ಚರ್ಚೆಗೆ ಬಂದವು.

ಬೇರೆ ದಾರಿಗಳನ್ನೂ ಒಂದೊಂದಾಗಿ ನೋಡಿದೆವು. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಶಿಕ್ಷಣ ಸಾಲ ಯೋಜನೆಯಲ್ಲಿ ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ ಶೇ 3 ಬಡ್ಡಿ ಸಹಾಯಧನ ಇದೆ. ಕಾಲೇಜು ಆ ಯೋಜನೆಯ ಪಟ್ಟಿಯಲ್ಲಿರಬೇಕು. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಅನ್ವಯಿಸುವುದಿಲ್ಲ. ಆದಾಯ ನಾಲ್ಕೂವರೆ ಲಕ್ಷದ ಒಳಗಿರುವವರು ವೃತ್ತಿಪರ ಕೋರ್ಸಿಗೆ ಸೇರಿದರೆ ಪೂರ್ತಿ ಬಡ್ಡಿಯ ಸಹಾಯಧನವನ್ನೂ ಕೇಳಬೇಕು. ಈ ಕುಟುಂಬದ ಆದಾಯ ಎರಡೂ ಮಿತಿ ಮೀರಿತ್ತು. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ (ಎಎಫ್‌ಎಂಸಿ) ಓದು ಉಚಿತ, ಮುಗಿದ ಮೇಲೆ ಸೇನೆಯ ವೈದ್ಯಕೀಯ ಸೇವೆ ಕಡ್ಡಾಯ. ಇವಳ ಅಂಕ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಇಎಸ್‌ಐ ಕಾರ್ಡು ಇರುವ ಕಾರ್ಮಿಕರ ಮಕ್ಕಳಿಗೆ ಇಎಸ್‌ಐಸಿ ವೈದ್ಯಕೀಯ ಕಾಲೇಜುಗಳಲ್ಲಿ ಪ್ರತ್ಯೇಕ ಕೋಟಾ ಇದೆ. ಗಾರ್ಮೆಂಟ್ಸ್, ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟೋ ತಂದೆತಾಯಿಗೆ ಇದು ಗೊತ್ತೇ ಇರುವುದಿಲ್ಲ, ಅದಕ್ಕೇ ಇಲ್ಲಿ ಬರೆದದ್ದು.

ಸರ್ಕಾರಿ ಕೋಟಾದ ಆಸೆ ಮಾತ್ರ ಪೂರ್ತಿ ಸತ್ತಿರಲಿಲ್ಲ. ಖಾಸಗಿ ಕಾಲೇಜಿನಲ್ಲೇ ಆದರೂ ಸರ್ಕಾರಿ ಕೋಟಾ ಸೀಟಿನ ಶುಲ್ಕಕ್ಕೂ ಖಾಸಗಿ ಕೋಟಾ ಶುಲ್ಕಕ್ಕೂ ಹಲವು ಪಟ್ಟು ಅಂತರ. ಅದಕ್ಕೆ ಕೆಇಎಯಲ್ಲಿ ಎರಡನೇ ಆಯ್ಕೆ ಹಾಕಲು ಸೂಚಿಸಿದೆವು: ಶುಲ್ಕ ಕಟ್ಟಿ ಸೀಟನ್ನು ಹಿಡಿದಿಟ್ಟುಕೊಂಡು ಮುಂದಿನ ಸುತ್ತಿಗೂ ಹೋಗುವುದು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಯಾವ ಸುತ್ತಿನ ನಂತರ ಸೀಟು ಬಿಟ್ಟರೆ ಕಟ್ಟಿದ ಹಣ ಹೋಗುತ್ತದೆ ಎಂಬುದನ್ನು ಆ ವರ್ಷದ ಕೈಪಿಡಿಯಲ್ಲೇ ಓದಬೇಕು, ಸೈಬರ್ ಸೆಂಟರಿನವರ ಬಾಯಿಮಾತಿನಲ್ಲಲ್ಲ. ಇವಳಿಗೆ ಎರಡನೇ ಸುತ್ತಿನಲ್ಲೂ ಅದೇ ಸೀಟು ಉಳಿಯಿತು.

ಕೊನೆಗೆ ಕೂಡಿದ ಯೋಜನೆ

ಒಟ್ಟು ಬೇಕಾದದ್ದು ಸುಮಾರು 63 ಲಕ್ಷ: ನಾಲ್ಕೂವರೆ ವರ್ಷದ ಶುಲ್ಕ 54, ಹಾಸ್ಟೆಲು, ಊಟ, ಪುಸ್ತಕ, ಪರೀಕ್ಷಾ ಶುಲ್ಕಕ್ಕೆ 9. ಕೊನೆಯ ಆರು ತಿಂಗಳಿಗೆ ಅರ್ಧ ಶುಲ್ಕವೋ ಪೂರ್ತಿಯೋ ಎಂಬುದನ್ನು ಕಾಲೇಜಿನಿಂದ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಲು ಹೇಳಿದೆವು. ಇಲ್ಲಿ 6 ಲಕ್ಷದ ವ್ಯತ್ಯಾಸ ಬರುತ್ತದೆ, ಬ್ಯಾಂಕಿಗೂ ಆ ಪತ್ರ ಬೇಕು. ಶುಲ್ಕದ ಹೊರತಾಗಿ ಯಾರಾದರೂ ನಗದು ಕೇಳಿದರೆ ಅದು 1984ರ ಕರ್ನಾಟಕದ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯಡಿ ಅಪರಾಧ. ರಸೀದಿಯಿಲ್ಲದ ಹಣಕ್ಕೆ ಸಾಲವೂ ಸಿಗುವುದಿಲ್ಲ.

ಹಾಸ್ಟೆಲಿನ ಖರ್ಚು, ತಿಂಗಳಿಗೆ ಹದಿಮೂರು ಹದಿನಾಲ್ಕು ಸಾವಿರ, ಸಂಬಳದಿಂದ. ಮೊದಲ ವರ್ಷದ 12 ಲಕ್ಷಕ್ಕೆ ಎಫ್‌ಡಿ ಮುರಿಯುವುದು. ವರ್ಷದೊಳಗೆ ಸೈಟು ಮಾರಿ, ತೆರಿಗೆ ಕಳೆದು ಉಳಿಯುವ 20 ಲಕ್ಷದಿಂದ ಎರಡನೇ ವರ್ಷದ 12, ಮೂರನೇ ವರ್ಷಕ್ಕೆ 8. ಅಲ್ಲಿಂದ ಮುಂದೆ ಸಾಲ: ಮೂರನೇ ವರ್ಷ 4, ನಾಲ್ಕನೇ ವರ್ಷ 12, ಕೊನೆಯ ಅರ್ಧಕ್ಕೆ 6. ಒಟ್ಟು 22 ಲಕ್ಷ. ಸೈಟಿನ ತೆರಿಗೆಯ ಬಗ್ಗೆ ಒಂದು ಮಾತು: 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಯಾದರೆ ಲಾಭದ ಮೇಲೆ ಶೇ 12.5 ಅಥವಾ ಹಣದುಬ್ಬರದ ಹೊಂದಾಣಿಕೆ ಮಾಡಿ ಶೇ 20, ಇವೆರಡರಲ್ಲಿ ಕಡಿಮೆಯದ್ದನ್ನು ಕಟ್ಟಬಹುದು. ಲೆಕ್ಕ ಪರಿಶೋಧಕರ ಹತ್ತಿರ ಎರಡನ್ನೂ ಹಾಕಿಸಿ ನೋಡಬೇಕು.

ಸ್ವಂತ ಹಣ ಮೊದಲು, ಸಾಲ ಆಮೇಲೆ. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಅದೇ 22 ಲಕ್ಷವನ್ನು ಮೊದಲ ಎರಡು ವರ್ಷದಲ್ಲೇ ಎತ್ತಿದ್ದರೆ ಕಂತು ಶುರುವಾಗುವ ಹೊತ್ತಿಗೆ ಬಡ್ಡಿ 13.3 ಲಕ್ಷ ಆಗುತ್ತಿತ್ತು. ಕೊನೆಯಲ್ಲಿ ಎತ್ತಿದರೆ 7.5 ಲಕ್ಷ. ಸ್ವಂತ ಹಣ ಎಫ್‌ಡಿಯಲ್ಲೇ ಇದ್ದಿದ್ದರೆ ಬರಬಹುದಾಗಿದ್ದ ಬಡ್ಡಿಯನ್ನು ಕಳೆದರೂ ಲಾಭವೇ ಇತ್ತು. ಆದರೆ ಇದರಲ್ಲಿ ಒಂದು ಅಪಾಯವಿದೆ. ಸಾಲ ಆಮೇಲೆ ಬೇಕು ಎಂದು ಅರ್ಜಿಯನ್ನೂ ಆಮೇಲೆ ಹಾಕಿದರೆ, ಮೂರನೇ ವರ್ಷದಲ್ಲಿ ಬ್ಯಾಂಕು ಬೇಡ ಎಂದರೆ ನಡುನೀರು. ಅರ್ಜಿ, ಮಂಜೂರಾತಿ ಮೊದಲ ವರ್ಷವೇ ಆಗಬೇಕು, ಬಿಡುಗಡೆಯ ವೇಳಾಪಟ್ಟಿಯಲ್ಲಿ ಮಾತ್ರ ಮೂರನೇ ವರ್ಷ ಎಂದಿರಬೇಕು. ಮೊದಲೆರಡು ವರ್ಷ ಕಟ್ಟಿದ ರಸೀದಿಗಳನ್ನು ಬ್ಯಾಂಕಿಗೆ ಕೊಟ್ಟು ಅದನ್ನೇ ಮಾರ್ಜಿನ್, ಅಂದರೆ ಸಾಲಗಾರರು ಸ್ವಂತದಿಂದ ಹಾಕಬೇಕಾದ ಪಾಲು ಎಂದು ದಾಖಲಿಸಿಕೊಳ್ಳಬೇಕು.

ಬಿಡುಗಡೆಯಾದ ದಿನದಿಂದಲೇ ತಂದೆ ಆಯಾ ತಿಂಗಳ ಬಡ್ಡಿ ಕಟ್ಟುವುದು ಎಂದೂ ತೀರ್ಮಾನವಾಯಿತು. ಮೊದಲು 3,300 ರೂಪಾಯಿಯಷ್ಟು, ನಾಲ್ಕನೇ ವರ್ಷ 13,300, ಪೂರ್ತಿ ಬಿಡುಗಡೆಯಾದ ಮೇಲೆ 18,300. ಹೀಗೆ ಕಟ್ಟಿದರೆ ಇಎಂಐ 23,600ರ ಹತ್ತಿರ. ಕಟ್ಟದೆ ಬಿಟ್ಟರೆ 31,700. ಓದುವ ಅವಧಿಯಲ್ಲೇ ಬಡ್ಡಿ ಕಟ್ಟಿದರೆ ದರದಲ್ಲಿ ಶೇ 1 ರಿಯಾಯಿತಿ, ವಿದ್ಯಾರ್ಥಿನಿಯರಿಗೆ ಅರ್ಧ ಪರ್ಸೆಂಟು ಕಡಿಮೆ, ಇವು ಹಲವು ಸರ್ಕಾರಿ ಬ್ಯಾಂಕುಗಳಲ್ಲಿವೆ. ಕೇಳದಿದ್ದರೆ ಶಾಖೆಯವರು ತಾವಾಗಿ ಹೇಳುವುದು ಕಡಿಮೆ. ಗ್ರಾಚ್ಯುಟಿಯಿಂದ 7 ಲಕ್ಷ ಅಸಲಿಗೆ ಕಟ್ಟಿದರೆ ಕಂತು 16,100ಕ್ಕೆ ಇಳಿಯುತ್ತದೆ. ಆದರೆ ಭಾಗಶಃ ಕಟ್ಟುವಾಗ ಅವಧಿ ಇಳಿಸದೆ ಕಂತು ಇಳಿಸಿ ಎಂದು ಲಿಖಿತವಾಗಿ ಕೇಳಬೇಕು. ಬದಲಾಗುವ ದರದ ಸಾಲವಾದ್ದರಿಂದ ಮುಂಚಿತವಾಗಿ ಕಟ್ಟಿದ್ದಕ್ಕೆ ದಂಡವಿಲ್ಲ. ಪೂರ್ತಿ ಗ್ರಾಚ್ಯುಟಿಯನ್ನು ಇಲ್ಲಿಗೇ ಸುರಿಯಬೇಡಿ, ಜಿಪಿಎಫ್ (ಸರ್ಕಾರಿ ನೌಕರರ ಭವಿಷ್ಯ ನಿಧಿ) ಮುಟ್ಟಲೇಬೇಡಿ ಎಂದೆವು. ಅದು ಕಿರಿಯವಳ ಓದಿಗೆ ಮತ್ತು ಇವರಿಬ್ಬರ ಮುಪ್ಪಿಗೆ.

ಆದಾಯ ತೆರಿಗೆಯಲ್ಲಿ ಶಿಕ್ಷಣ ಸಾಲಕ್ಕೆ ಸಿಗುವ 80ಇ ರಿಯಾಯಿತಿಯ ಬಗ್ಗೆ ತಂದೆಗೆ ಸಹೋದ್ಯೋಗಿಗಳು ಬಹಳ ಹೇಳಿದ್ದರು. ಅದು ಬಡ್ಡಿಗೆ ಮಾತ್ರ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಬಡ್ಡಿ ಕಟ್ಟಲು ಆರಂಭಿಸಿದ ವರ್ಷದಿಂದ ಎಂಟು ವರ್ಷ ಮಾತ್ರ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳದಿರುವಾಗ ಇವರಿಗೆ ಇದರಿಂದ ಹೆಚ್ಚೇನೂ ಗಿಟ್ಟುವುದಿಲ್ಲ. ತೆರಿಗೆ ಉಳಿಯುತ್ತದೆಂದು ಸಾಲದ ಮೊತ್ತ ಏರಿಸುವುದಂತೂ ತಲೆಕೆಳಗಾದ ಲೆಕ್ಕ.

ಬ್ಯಾಂಕಿನ ಬಾಗಿಲಲ್ಲಿ

ಏಳೂವರೆ ಲಕ್ಷದವರೆಗೆ ಸರ್ಕಾರದ ಖಾತರಿ ಯೋಜನೆಯಡಿ ಆಸ್ತಿಯ ಅಡಮಾನವಿಲ್ಲದೆ ಸಾಲ ಸಿಗುತ್ತದೆ. 22 ಲಕ್ಷಕ್ಕೆ ಸಾಮಾನ್ಯವಾಗಿ ಆಸ್ತಿ ಕೇಳುತ್ತಾರೆ. ಜಮೀನು ಕೊಡುತ್ತೇನೆ ಎಂದಿದ್ದರು ತಂದೆ. ಸಾಲ ಕಟ್ಟದಿದ್ದಾಗ ಕೋರ್ಟಿಗೆ ಹೋಗದೆ ಅಡವಿನ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದ ಕಾರಣ ಬ್ಯಾಂಕುಗಳು ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇದು ಭಾಗವೂ ಆಗಿರಲಿಲ್ಲ. ಹಾಗಾಗಿ ಮನೆಯೇ ಇಡಬೇಕಾಯಿತು. ಕ್ರಯಪತ್ರದ ಮೂಲ ಪ್ರತಿ, ಹಿಂದಿನ ಹಕ್ಕುಪತ್ರಗಳು, ಇ-ಖಾತಾ, ಕಂದಾಯ ರಸೀದಿ, ಋಣಭಾರ ಪತ್ರ ಇಷ್ಟನ್ನೂ ಮೊದಲೇ ಜೋಡಿಸಿಟ್ಟುಕೊಳ್ಳಬೇಕು. ವಕೀಲರ ಅಭಿಪ್ರಾಯ, ಎಂಜಿನಿಯರರ ಮೌಲ್ಯಮಾಪನ, ಅಡಮಾನದ ಮುದ್ರಾಂಕ ಶುಲ್ಕ ಇವುಗಳ ಖರ್ಚು ನಮ್ಮದೇ. ಇವೆಲ್ಲ ಐದು ದಿನದಲ್ಲಿ ಮುಗಿಯುವುದಿಲ್ಲ. ನೀಟ್ ಫಲಿತಾಂಶ ಬಂದ ವಾರವೇ ಕಾಗದಪತ್ರ ತೆಗೆದು ಕುಳಿತವರಿಗೆ ಮಾತ್ರ ಮೊದಲ ವರ್ಷದ ಶುಲ್ಕಕ್ಕೆ ಸಾಲದ ಹಣ ಸಮಯಕ್ಕೆ ಸಿಗುತ್ತದೆ. ಇವರನ್ನು ಉಳಿಸಿದ್ದು ಎಫ್‌ಡಿ.

ಓದಿನಲ್ಲಿ ಎಡವಿದರೆ ಏನು ಎಂಬುದನ್ನು ಹುಡುಗಿಯ ಎದುರೇ ಮಾತಾಡಿದೆವು. ಒಂದು ವರ್ಷ ಹಿಂದೆ ಬಿದ್ದರೆ ಮೊರಟೋರಿಯಂ ತಾನಾಗಿ ಮುಂದೆ ಹೋಗುವುದಿಲ್ಲ. ಕಾಲೇಜಿನ ಪತ್ರದೊಂದಿಗೆ ಅರ್ಜಿ ಕೊಟ್ಟರೆ ವಿಸ್ತರಿಸಲು ಬ್ಯಾಂಕಿಗೆ ಅವಕಾಶವಿದೆ. ಪಿಜಿಗೆ ಸೇರಿದಾಗಲೂ ಹಾಗೆಯೇ, ಮೊದಲ ಕಂತು ತಪ್ಪುವ ಮುನ್ನವೇ ಅರ್ಜಿ ಕೊಡಬೇಕು. 90 ದಿನ ಬಾಕಿ ಉಳಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ. ಆಮೇಲೆ ಕ್ಲಿನಿಕ್ಕಿಗೆಂದು ಸಾಲ ಕೇಳಲು ಹೋದಾಗ ಆ ಕಲೆ ಎದುರಿಗೆ ಬರುತ್ತದೆ.

ಮಂಜೂರಾತಿ ಪತ್ರ ಬಂದಾಗ ತಂದೆ ಅದನ್ನು ತಂದು ತೋರಿಸಿದರು. ಮೊತ್ತ, ದರ, ಬಿಡುಗಡೆಯ ವೇಳಾಪಟ್ಟಿ ಎಲ್ಲ ಸರಿಯಿತ್ತು. ಕೋರ್ಸ್ ಅವಧಿ 54 ತಿಂಗಳು ಎಂದಿತ್ತು. ಇಂಟರ್ನ್‌ಶಿಪ್ ಸೇರಿರಲಿಲ್ಲ, ಅಂದರೆ ಇಂಟರ್ನ್‌ಶಿಪ್ ಮುಗಿದ ಮರುತಿಂಗಳೇ ಕಂತು. ಕಾಲೇಜಿನಿಂದ 66 ತಿಂಗಳ ಪ್ರಮಾಣಪತ್ರ ತೆಗೆಸಿ, ತಿದ್ದುಪಡಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಲು ಹೇಳಿದೆವು. ತಿದ್ದಿದ ಪತ್ರ ಕೈಗೆ ಬಂದ ಮೇಲೆಯೇ ಅವರು ಮನೆಯ ಮೂಲಪತ್ರಗಳನ್ನು ಶಾಖೆಗೆ ಒಪ್ಪಿಸಿದರು.