ದಿನವೂ ನಡೆದರೆ ಬಿಪಿ ಮಾತ್ರೆ ಬಿಡಬಹುದೇ?

150/95 ಇದೆ, ವೈದ್ಯರು ಮಾತ್ರೆ ಬರೆದಿದ್ದಾರೆ, ನಡಿಗೆಯೊಂದೇ ಸಾಲದೇ ಎಂದು ಕೇಳಿದ್ದೀರಿ. ಆರು ವರ್ಷದ ಹಿಂದೆ ನನ್ನ ಪ್ರಶ್ನೆಯೂ ಇದೇ. ಯಾರನ್ನೂ ಕೇಳದೆ ಉತ್ತರವನ್ನೂ ನಾನೇ ಕೊಟ್ಟುಕೊಂಡೆ.

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಿಗ್ಗೆ ಆರಕ್ಕೆ ಬಿರುಸು ನಡಿಗೆ. ಮಾತನಾಡಬಹುದು, ಹಾಡಲು ಉಸಿರು ಸಾಲದು, ಅಷ್ಟು ವೇಗ. ವಾರಕ್ಕೆ ಐದು ದಿನ ತಪ್ಪಿಸಲಿಲ್ಲ. ಮೂರು ತಿಂಗಳಲ್ಲಿ ಮನೆಯ ಯಂತ್ರ 122/78 ತೋರಿಸಿತು. ಅಂದೇ ನಾನು ನುಂಗುತ್ತಿದ್ದ ಬಿಪಿ ಮಾತ್ರೆ ಅಮ್ಲೋಡಿಪಿನ್ ನಿಲ್ಲಿಸಿದೆ. ಹೆಂಡತಿಗೂ ಹೇಳಲಿಲ್ಲ.

ಇಲ್ಲಿಯೇ ನಾನು ಎಡವಿದ್ದು, ದಯವಿಟ್ಟು ನಿಧಾನವಾಗಿ ಓದಿ. ನಾನು ಅಳೆಯುತ್ತಿದ್ದದ್ದು ನಡೆದು ಬಂದು, ಬೆವರು ಒರೆಸಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಕುಳಿತ ಮೇಲೆ. ಬಿರುಸು ನಡಿಗೆಯಾದ ಮೇಲೆ ರಕ್ತನಾಳಗಳು ಸಡಿಲಗೊಂಡು ಒತ್ತಡ ಕೆಲವು ಗಂಟೆ ಇಳಿದೇ ಇರುತ್ತದೆ. ಅಂದರೆ ದಿನದ ಅತ್ಯುತ್ತಮ ಅಂಕಿಯನ್ನೇ ಹೆಕ್ಕಿ ಡೈರಿಯಲ್ಲಿ ಬರೆದಿಡುತ್ತಿದ್ದೆ. ಎದ್ದ ತಕ್ಷಣ ಅಳೆಯಲಿಲ್ಲ, ಕಚೇರಿಯಿಂದ ಬಂದ ಮೇಲೂ ಅಳೆಯಲಿಲ್ಲ. ಜೊತೆಗೆ ಆ 122 ಬಂದದ್ದು ನಡಿಗೆ, ಮಾತ್ರೆ ಎರಡರಿಂದಲೂ. ನಾನು ಪೂರ್ತಿ ನಡಿಗೆಯ ಖಾತೆಗೆ ಜಮಾ ಮಾಡಿದೆ. ಮಾತ್ರೆ ಬಿಟ್ಟ ಮೇಲೂ ಬೆಳಗಿನ ಅಂಕಿ 130ರ ಆಸುಪಾಸಿನಲ್ಲೇ ಇತ್ತು, ಹಾಗಾಗಿ ಅನುಮಾನವೇ ಬರಲಿಲ್ಲ.

ಎಂಟು ತಿಂಗಳ ನಂತರ ಪತ್ರಿಕೆ ಓದುವಾಗ ಬಲಗಣ್ಣಿಗೆ ಕೆಳಗಿನ ಸಾಲುಗಳು ಮಸಿ ಬಳಿದಂತೆ ಕಂಡವು. ಕನ್ನಡಕ ಬದಲಿಸಲು ಹೋದರೆ ಕಣ್ಣಿನ ವೈದ್ಯರು ತೋಳಿಗೆ ಪಟ್ಟಿ ಸುತ್ತಿಸಿದರು: 176/104. ಕಣ್ಣಿನ ಹಿಂಭಾಗದ ಪರದೆ ಅಕ್ಷಿಪಟಲದ ಒಂದು ರಕ್ತನಾಳ ಕಟ್ಟಿಕೊಂಡು ರಕ್ತ ಸೋರಿತ್ತು. ಕಣ್ಣಿಗೇ ಚುಚ್ಚುಮದ್ದು ಹಾಕಿಸಿಕೊಂಡೆ. ಮಬ್ಬು ಪೂರ್ತಿ ಹೋಗಲಿಲ್ಲ.

ಆದ್ದರಿಂದ ನಡಿಗೆಯೋ ಮಾತ್ರೆಯೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಯಮಿತ ನಡಿಗೆ ಮೇಲಿನ ಅಂಕಿಯನ್ನು ಸಾಮಾನ್ಯವಾಗಿ 5ರಿಂದ 8ರಷ್ಟು ಇಳಿಸುತ್ತದೆ. ಅದು ಸಣ್ಣ ಲಾಭವಲ್ಲ, ವಾರಕ್ಕೆ 150 ನಿಮಿಷ ನಡೆಯಲೇಬೇಕು. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಗಳಿಸಿದ್ದೆಲ್ಲ ಕರಗುತ್ತದೆ. ಆದರೆ ನಿಮ್ಮ 150ರಲ್ಲಿ 8 ಕಳೆಯಿರಿ, ಎಷ್ಟು ಉಳಿಯಿತು? 142, ಅದೂ ಹೆಚ್ಚೇ. ಮಾತ್ರೆ ನುಂಗುವುದು ಸೋಲಲ್ಲ. ಅದನ್ನು ಸೋಲೆಂದು ತಿಳಿದದ್ದಕ್ಕೇ ನನ್ನ ಕಣ್ಣಿಗೆ ಈ ಗತಿ ಬಂತು.

ಈಗಲೂ ಕೆರೆ ಸುತ್ತುತ್ತೇನೆ. ಅಳೆಯುವುದು ಮಾತ್ರ ನಡೆಯುವ ಮೊದಲು, ಕಾಫಿಗೂ ಮೊದಲು, ಐದು ನಿಮಿಷ ಬೆನ್ನೊರಗಿ ಸುಮ್ಮನೆ ಕುಳಿತು, ಸಂಜೆ ಇನ್ನೊಮ್ಮೆ. ಆ ಹಾಳೆಗಳನ್ನು ನೋಡಿ ಕಳೆದ ವರ್ಷ ವೈದ್ಯರೇ ನನ್ನ ಮಾತ್ರೆಯನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದರು.