ಕೆರೆ ದಂಡೆಗೆ ನಾಯಿಯೂ ಬರಲಿ, ಮಲಗುವುದು ಮಾತ್ರ ಒಳಗೆ

(ಈ ವಾರ ಉತ್ತರಿಸಿದವರು: ಚಿತ್ರದುರ್ಗದ ಪಶುವೈದ್ಯರೊಬ್ಬರು)

ಪ್ರಶ್ನೆ: ನಾವು ದಾವಣಗೆರೆಯವರು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅತ್ತೆ. ಮೂರು ವರ್ಷದ ಲ್ಯಾಬ್ರಡಾರ್ ಸೇರಿದರೆ ಆರು ಜನ ಎನ್ನಿ. ಡಿಸೆಂಬರ್ ರಜೆಯಲ್ಲಿ ಕ್ಯಾರವಾನ್ ಬಾಡಿಗೆಗೆ ಹಿಡಿದು ವಾಣಿವಿಲಾಸ ಸಾಗರ ಅಥವಾ ಸೂಳೆಕೆರೆಯ ದಂಡೆಯಲ್ಲಿ ಎರಡು ರಾತ್ರಿ ತಂಗುವ ಆಸೆ. ನಾಯಿಯನ್ನು ಬಿಟ್ಟು ಬರಲು ಮಕ್ಕಳು ಒಪ್ಪುತ್ತಿಲ್ಲ. ಏನೇನು ಎಚ್ಚರ ಬೇಕು?

ಉತ್ತರ: ಮಕ್ಕಳ ಮಾತು ನಡೆಯಲಿ, ಕರೆದುಕೊಂಡು ಹೋಗಿ. ಆದರೆ ಅಮೆರಿಕದ ವಿಡಿಯೊಗಳಲ್ಲಿ ಕಾಣುವ ಏರ್ಪಾಡನ್ನು ಇಲ್ಲಿ ಹುಡುಕಬೇಡಿ. ಅಲ್ಲಿ ಹಲವು ಕಡೆ ಪ್ರತಿ ವಾಹನಕ್ಕೂ ನಂಬರು ಹಾಕಿದ ಜಾಗ, ಪಕ್ಕದಲ್ಲೇ ವಿದ್ಯುತ್, ನಲ್ಲಿ, ಕೊಳಚೆ ಕೊಳವೆ. ರಾಷ್ಟ್ರೀಯ ಉದ್ಯಾನಗಳಲ್ಲಂತೂ ನಾಯಿಯ ಹಗ್ಗ ಆರು ಅಡಿ ಮೀರುವಂತಿಲ್ಲ. ನಮ್ಮಲ್ಲಿ ಕೆರೆ ದಂಡೆ ಎಂದರೆ ಮೀನುಗಾರರ ತೆಪ್ಪ, ಬಟ್ಟೆ ಒಗೆಯುವ ಕಲ್ಲು, ದನ ಕುರಿಗಳ ದಾರಿ. ಆದ್ದರಿಂದ ದಂಡೆಯಲ್ಲಿ ಠಿಕಾಣಿ ಹೂಡುವ ಬದಲು ನೀರು ಕಾಣುವಷ್ಟು ದೂರದ ಯಾವುದಾದರೂ ತೋಟ ನೋಡಿ, ಮಾಲೀಕರ ಒಪ್ಪಿಗೆ ಪಡೆಯಿರಿ. ‘ನಾಯಿಯೂ ಇದೆ’ ಎಂದು ಮೊದಲೇ ಹೇಳಿ; ಅವರ ಮನೆಯ ನಾಯಿಗೂ ಒಂದು ಅಭಿಪ್ರಾಯ ಇರುತ್ತದೆ.

ವಾಣಿವಿಲಾಸಕ್ಕೆ ಹೋಗುವುದಾದರೆ ಹಳೆಯ ವಿಡಿಯೊ ನೋಡಿ ಜಾಗ ಗೊತ್ತು ಮಾಡಬೇಡಿ. 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದಕ್ಕೂ ಮೊದಲು ಜನ ಗುಡಾರ ಹಾಕುತ್ತಿದ್ದ ಬಯಲು ನೀರು ತುಂಬಿದಾಗ ಕೆರೆಯೊಳಗೇ ಇರುತ್ತದೆ. ನೀರು ಇಳಿದ ಅಂಚಿನ ಮಣ್ಣು ಮೇಲೆ ಒಣಗಿ ಬಿರಿದಿದ್ದರೂ ಒಳಗೆ ಕೆಸರು. ಎರೆಭೂಮಿಯಾದರೆ ಒಂದು ಹದ ಮಳೆ ಸಾಕು, ಮೂರು ಟನ್ನಿನ ವಾಹನ ಅಚ್ಚಿನವರೆಗೆ ಹೂತುಕೊಳ್ಳುತ್ತದೆ. ಕೆಂಪು ಗರಸು ನೆಲದಲ್ಲಿ ನಿಲ್ಲಿಸಿ. ಡಿಸೆಂಬರ್ ಆರಿಸಿಕೊಂಡದ್ದು ಒಳ್ಳೆಯದಾಯಿತು. ಆಷಾಢದಲ್ಲಿ ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಗೆ ಕ್ಯಾರವಾನಿನ ಬಿಚ್ಚುಚಪ್ಪರ ಎಷ್ಟು ಹೊತ್ತು ನಿಂತೀತು?

ಇನ್ನು ಮುಖ್ಯ ವಿಷಯ. ನಾಯಿಯನ್ನು ರಾತ್ರಿ ಹೊರಗೆ ಕಟ್ಟಬೇಡಿ. ‘ಕಾವಲಿಗಿರಲಿ’ ಎಂದು ವಾಹನದ ಚಕ್ರಕ್ಕೆ ಕಟ್ಟಿ ಮಲಗುವವರನ್ನು ನೋಡಿದ್ದೇನೆ. ಇಲ್ಲಿಯ ಗುಡ್ಡಗಳಲ್ಲಿ ಚಿರತೆಗಳಿವೆ, ಅವಕ್ಕೆ ನಾಯಿ ಎಂದರೆ ಸುಲಭದ ಊಟ. ಕಟ್ಟಿದ ನಾಯಿಯಾದರೆ ಬಡಿಸಿಟ್ಟ ಊಟ. ಕೆಲವು ವರ್ಷಗಳ ಹಿಂದೆ ಹೊಸದುರ್ಗದ ಕಡೆಯ ತೋಟವೊಂದರಲ್ಲಿ ತಂಗಿದ್ದೆವು. ನಡುರಾತ್ರಿ ನಮ್ಮ ನಾಯಿ ಬೊಗಳಲಿಲ್ಲ. ಸೀಟಿನ ಕೆಳಗೆ ಮೈ ಒತ್ತಿಕೊಂಡು, ಕೊರಳೊಳಗೇ ಒಂದು ಸಣ್ಣ ಗುರುಗುಟ್ಟು, ಮೈಯೆಲ್ಲ ನಡುಕ. ಬೆಳಿಗ್ಗೆ ಬಾಗಿಲು ತೆರೆದರೆ ನೀರು ಹಾಯಿಸಿದ ಪಾತಿಯ ಹಸಿ ಮಣ್ಣಿನಲ್ಲಿ ಸಾಲು ಹೆಜ್ಜೆ: ನಾಲ್ಕು ಬೆರಳು, ದುಂಡಗೆ, ಉಗುರಿನ ಗುರುತಿಲ್ಲ. ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ. ಚಿರತೆ ಉಗುರನ್ನು ಒಳಗೆ ಎಳೆದುಕೊಂಡು ನಡೆಯುತ್ತದೆ. ಆ ಸಾಲು ನಮ್ಮ ಹಿಂದಿನ ಚಕ್ರವನ್ನು ಒಂದು ಸುತ್ತು ಹಾಕಿ ಬೇಲಿಯತ್ತ ಹೋಗಿತ್ತು. ಅಂದಿನಿಂದ ನಮ್ಮಲ್ಲಿ ಎರಡನೇ ಮಾತಿಲ್ಲ. ಸಂಜೆ ಆರಕ್ಕೆ ನಾಯಿ ಒಳಗೆ, ರಾತ್ರಿ ಮೂತ್ರಕ್ಕೂ ಹಗ್ಗ ಹಿಡಿದು, ಟಾರ್ಚ್ ಹಾಕಿಕೊಂಡೇ. ಕರಡಿಗಳೂ ಓಡಾಡುವ ಸೀಮೆ ಇದು, ಎಂಜಲನ್ನು ಹೊರಗೆ ಎಸೆಯಬೇಡಿ. ಜೋಗಿಮಟ್ಟಿ ವನ್ಯಜೀವಿ ಧಾಮದೊಳಗೆ ನಾಯಿಯನ್ನು ಒಯ್ಯುವ ಯೋಚನೆಯೇ ಬೇಡ.

ಹಗಲಿನ ಅಪಾಯಗಳು ಸಣ್ಣವು, ಆದರೆ ನನ್ನ ಮೇಜಿಗೆ ಹೆಚ್ಚಾಗಿ ಬರುವುದು ಅವೇ. ಲ್ಯಾಬ್ರಡಾರ್ ನೀರು ಕಂಡರೆ ಬಿಡುವ ಜಾತಿಯಲ್ಲ, ತಿನ್ನುವುದು ಕಂಡರಂತೂ ಕೇಳುವುದೇ ಬೇಡ. ಸೂಳೆಕೆರೆಯ ಅಂಚಿನಲ್ಲಿ ಮೀನಿನ ಚೂರು ಅಂಟಿದ ಗಾಳಗಳು ಬಿದ್ದಿರುತ್ತವೆ. ನುಂಗಿಬಿಟ್ಟರೆ ಬಾಯಿಯಿಂದ ನೇತಾಡುವ ದಾರವನ್ನು ಎಳೆಯಬೇಡಿ, ಹಾಗೆಯೇ ಬಿಟ್ಟು ಆಸ್ಪತ್ರೆಗೆ ತನ್ನಿ. ನೀರಿನ ಮೇಲೆ ಹಸಿರು ಬಣ್ಣ ಕಲಸಿದಂತೆ ಪಾಚಿ ಕಟ್ಟಿದ್ದರೆ ಇಳಿಸಲೇಬೇಡಿ. ಅದರಲ್ಲಿ ಕೆಲವು ಬಗೆಯ ವಿಷ ಗಂಟೆಗಳಲ್ಲೇ ನಾಯಿಯನ್ನು ಕೊಲ್ಲುತ್ತದೆ. ಕುಡಿಯುವ ನೀರು ಮನೆಯಿಂದಲೇ ಇರಲಿ. 30 ಕಿಲೊ ತೂಗುವ ನಾಯಿಗೆ ದಿನಕ್ಕೆ ಒಂದೂವರೆ ಎರಡು ಲೀಟರ್ ಬೇಕು, ಓಡಾಡಿದರೆ ಇನ್ನೂ ಹೆಚ್ಚು. ಹಿರಿಯೂರು ಕಡೆ ಕುರಿಮಂದೆ ಎದುರಾಗುವುದು ಖಂಡಿತ. ನಿಮ್ಮ ನಾಯಿ ಆಟಕ್ಕೇ ಅಟ್ಟಿಸಿಕೊಂಡು ಹೋದರೂ ಗಬ್ಬದ ಕುರಿ ಬೆದರಿ ಕಂದು ಹಾಕಬಹುದು. ಆಗ ಕುರಿಗಾಹಿಯ ಬೈಗುಳ ಕೇಳಬೇಕಾದವರು ನೀವು, ಅದು ನ್ಯಾಯವೂ ಹೌದು.

ರೇಬೀಸ್ ಮತ್ತು ಇಲಿಜ್ವರದ ಲಸಿಕೆಗಳಿಗೆ ವರ್ಷ ತುಂಬಿದ್ದರೆ ಹೊರಡುವ ಎರಡು ಮೂರು ವಾರ ಮೊದಲೇ ಹಾಕಿಸಿ. ನಾಯಿಯ ಮಲವನ್ನು ಚೀಲದಲ್ಲಿ ಎತ್ತಿಕೊಳ್ಳಿ, ಕ್ಯಾರವಾನಿನ ಶೌಚದ ಟ್ಯಾಂಕನ್ನು ಕೆರೆಯ ಹತ್ತಿರ ಎಲ್ಲೂ ಖಾಲಿ ಮಾಡಬೇಡಿ. ಸೂಳೆಕೆರೆಯ ನೀರು ನಮ್ಮ ದುರ್ಗದ ನಲ್ಲಿಗೆ ಬರುತ್ತದೆ ಸ್ವಾಮಿ.

ಪ್ರಶ್ನೆ: ನಮ್ಮದು ಪಗ್. ಏಪ್ರಿಲ್‌ನಲ್ಲಿ ಕಾರಿನಲ್ಲೇ ಹೋಗಿ ಕೆರೆಯ ಪಕ್ಕ ಗುಡಾರ ಹಾಕಬಹುದೇ?

ಉತ್ತರ: ಬೇಡ. ಮೂಗು ಚಪ್ಪಟೆಯಾದ ನಾಯಿ ತೇಕಿ ಮೈ ತಣಿಸಿಕೊಳ್ಳಲಾರದು, ಏಪ್ರಿಲ್ ಬಿಸಿಲಿನ ಗುಡಾರ ಅದಕ್ಕೆ ಒಲೆ. ಬೇರೆ ತಿಂಗಳಲ್ಲೂ ‘ಐದೇ ನಿಮಿಷ, ಬೆಣ್ಣೆದೋಸೆ ತಿಂದು ಬರುತ್ತೇವೆ’ ಎಂದು ಕಾರಿನಲ್ಲಿ ಬಿಟ್ಟು ಹೋಗಬೇಡಿ. ಹೊರಗೆ 30 ಡಿಗ್ರಿ ಇದ್ದರೆ ಹತ್ತು ನಿಮಿಷದಲ್ಲಿ ಒಳಗೆ 40ರ ಹತ್ತಿರ. ದೋಸೆಯನ್ನೂ ಅದಕ್ಕೆ ಹಾಕಬೇಡಿ. ಅಷ್ಟು ಬೆಣ್ಣೆಗೆ ಮೇದೋಜೀರಕ ಗ್ರಂಥಿ ಊದಿಕೊಂಡರೆ ದಿನಗಟ್ಟಲೆ ಡ್ರಿಪ್ ಹಾಕಬೇಕಾದೀತು. ಈರುಳ್ಳಿ ಬೆರೆತ ಮಂಡಕ್ಕಿಯೂ ನಿಷಿದ್ಧ, ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ.

ಪ್ರಶ್ನೆ: ಕೆರೆ ಪ್ರವಾಸದಿಂದ ಬಂದು ಹನ್ನೆರಡು ದಿನವಾಯಿತು. ನಾಯಿಗೆ ಜ್ವರ, ಊಟ ಮುಟ್ಟುತ್ತಿಲ್ಲ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬಹುದೇ?

ಉತ್ತರ: ಕೊಡಬೇಡಿ, ಮನುಷ್ಯರ ನೋವಿನ ಮಾತ್ರೆಗಳು ನಾಯಿಯ ಯಕೃತ್ತು, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ನೀವು ಹೇಳುವ ದಿನಗಳ ಲೆಕ್ಕ ಉಣ್ಣೆಜ್ವರಕ್ಕೆ ಸರಿಯಾಗಿ ಹೊಂದುತ್ತದೆ; ಉಣ್ಣೆ ಕಚ್ಚಿ ಒಂದರಿಂದ ಮೂರು ವಾರದಲ್ಲಿ ಅದು ತಲೆಯೆತ್ತುತ್ತದೆ. ಒಸಡು ಬಿಳಿಚಿದ್ದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಇವತ್ತೇ ರಕ್ತ ಪರೀಕ್ಷೆ ಮಾಡಿಸಿ. ಬೇಗ ಹಿಡಿದರೆ ಔಷಧಿಗೆ ಬಗ್ಗುವ ಕಾಯಿಲೆ. ಕಿವಿಯ ಮಡಿಕೆ, ಬೆರಳ ಸಂದು, ಕೊರಳಪಟ್ಟಿಯ ಅಡಿ ಹುಡುಕಿ. ಸಿಕ್ಕ ಉಣ್ಣೆಗೆ ಸೀಮೆಎಣ್ಣೆ ಸುರಿಯದೆ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ. ನಾಯಿ ಮಲಗುವ ಗೋಣಿಚೀಲವನ್ನು ಬಿಸಿನೀರಿನಲ್ಲಿ ತೊಳೆಯಿರಿ, ಗೋಡೆಯ ಬಿರುಕುಗಳನ್ನೂ ಬಿಡಬೇಡಿ. ರಕ್ತ ಕುಡಿದು ಕೆಳಗುದುರಿದ ಒಂದೇ ಹೆಣ್ಣು ಉಣ್ಣೆ ಅಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ.